ನಕ್ಷತ್ರದ ಗುರುತಿಟ್ಟ ಫೋಟೊ

ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಆ ಅಂಗಡಿಯಿಂದ ಹೊರಗೆ ಬಂದುಬಿಡುತ್ತೇನೆ. ಆ ವಾಸನೆಯ ಜೊತೆ ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ನೆನಪಾಗುತ್ತಾರೆ...

ಡಿಜಿಟಲ್ ಕ್ಯಾಮೆರಾ ಆಗಷ್ಟೇ ಬಂದಿದ್ದ ಕಾಲ. ಹಗರಿಬೊಮ್ಮನಹಳ್ಳಿಯ ಒಂದು ಫೋಟೊ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಸತ್ತವರ ಚಿತ್ರ ಮದುವೆಯ ಚಿತ್ರಗಳ ಜೊತೆ ಬೆರೆತರೆ ಅಪಶಕುನವೆಂದು ನಮ್ಮ ಯಜಮಾನರು ಸತ್ತವರ ಫೈಲಿನ ಹೆಸರಿಗೆ ಮೊದಲು ಒಂದು ನಕ್ಷತ್ರ ಚಿಹ್ನೆ (*), ಆಮೇಲೆ ಜಾಗ ಬಿಟ್ಟು ಊರಿನ ಹೆಸರು ಹಾಕಿಸುತ್ತಿದ್ದರು. ಕೆಲಸ ಮುಗಿದ ಫೈಲು ಅಳಿಸಲು ಒಂದು ಪ್ರೋಗ್ರಾಮ್ ಬರೆದುಕೊಟ್ಟವರು ಮೇಷ್ಟ್ರು.

ಆದರೆ ಅದು ಅಳಿಸುವ ಕೆಲಸವನ್ನು ನೇರವಾಗಿ ಮಾಡುತ್ತಿರಲಿಲ್ಲ. ನಾವು ಹೊಡೆದ ಹೆಸರನ್ನು ಆಜ್ಞೆಯ ಸಾಲಿಗೆ ಅಂಟಿಸಿ ಶೆಲ್ಲಿನ, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ಇನ್ನೊಂದು ಪ್ರೋಗ್ರಾಮಿನ, ಕೈಗೆ ಕೊಡುತ್ತಿತ್ತು. ನೇರವಾಗಿ ಕೊಟ್ಟರೆ ಹೆಸರು ಬರೀ ಹೆಸರು. ನಡುವೆ ಶೆಲ್ ನಿಂತರೆ ತನ್ನದೇ ಅರ್ಥ ಹಚ್ಚುತ್ತದೆ. ನಡುವೆ ಜಾಗವಿದ್ದರೆ ಒಂದೇ ಹೆಸರನ್ನು ಎರಡೆಂದು ಓದುತ್ತದೆ; ಒಂಟಿ ನಕ್ಷತ್ರವೆಂದರೆ ಅದಕ್ಕೆ 'ಇಲ್ಲಿರುವುದೆಲ್ಲ'. ಮೇಷ್ಟ್ರಿಗೆ ಇದನ್ನು ಹೇಳಿದೆ.

"ನಂಗ ಕಲಸ್ತೀಯೇನಲೇ? ಒಂದು ಸಾಲಿನಾಗ ಮುಗಿಯೋದಕ್ಕ ಹತ್ತು ಸಾಲು ಯಾರು ಬರೀತಾರ?" ಎಂದು ಗುಟ್ಕಾ ಉಗಿದರು, ಅದೂ ನಮ್ಮ ಮೆಟ್ಟಿಲ ಮೇಲೆ.

ಒಂದು ಮಧ್ಯಾಹ್ನ ಯಜಮಾನರು ಆ ಪ್ರೋಗ್ರಾಮಿನಲ್ಲಿ ಮೊದಲ ಸಲ ನಕ್ಷತ್ರದ ಫೈಲೊಂದನ್ನು, ಮಾಗಳ ಊರಿನ ಒಬ್ಬರ ಚಿತ್ರವನ್ನು, ಅಳಿಸಲು ಹೆಸರು ಹೊಡೆದರು. ಶೆಲ್ ನಕ್ಷತ್ರವನ್ನು ಕಂಡದ್ದೇ ಫೋಲ್ಡರಿನಲ್ಲಿದ್ದುದನ್ನೆಲ್ಲ ಬಳಿದುಹಾಕಿತು. ಅದರಲ್ಲಿ ಆಗಷ್ಟೇ ತೀರಿಕೊಂಡಿದ್ದ ತಂಬ್ರಹಳ್ಳಿಯ ಕುರಿಗಾಹಿಯೊಬ್ಬರ ಚಿತ್ರವೂ ಹೋಯಿತು. ಕುರಿಯ ಹಿಂದೆ ಊರೂರು ಅಲೆದ ಮನುಷ್ಯ, ನಾವು ತೆಗೆದ ಯಾರದೋ ಮದುವೆಯ ಗುಂಪಿನಲ್ಲಿ ಸಿಕ್ಕಿದ್ದ ಅದೊಂದೇ ಚಿತ್ರ, ಬೇರೆ ಪ್ರತಿಯಿರಲಿಲ್ಲ. ಮರುದಿನದ ಕಾರ್ಯಕ್ಕೆ ಫೋಟೊ ಬೇಕೆಂದು ಅವರ ಹೆಂಡತಿ, ಮಗ ಬಾಗಿಲಲ್ಲೇ ಕೂತಿದ್ದರು.

ಮೇಷ್ಟ್ರನ್ನು ಕರೆಸಿದೆವು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ತಮ್ಮ ಸಿಡಿಯಿಂದ ರುಮಾಲು ಸುತ್ತಿದ ಯಾರೋ ಮುದುಕನ ಚಿತ್ರ ತೆಗೆದು, "ಇದನ್ನs ಒಂಚೂರು ಮಸುಕು ಮಾಡಿ ಕೊಡ್ರಿ. ರುಮಾಲು ಸುತ್ತಿದ್ರ ಎಲ್ಲಾರೂ ಒಂದs ಕಾಣ್ತಾರ" ಎಂದರು. ಥೂ! ಯಜಮಾನರೂ ಅದನ್ನು ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸಿದರು.

ಕುರಿಗಾಹಿಯ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇವ್ರು ನಮ್ಮನಿಯವ್ರಲ್ರಿ..."

"ಕಂಪ್ಯೂಟರ್‌ನಾಗ ಹಂಗs ಬರತೈತಿ, ಒಯ್ಯಮ್ಮ" ಎಂದು ಮೇಷ್ಟ್ರು ಗದರಿದರು. ಹೊತ್ತಾಯಿತೆಂದು ಮಗ ಫೋಟೊ ಎತ್ತಿಕೊಂಡ. ನಾನು ಆ ಸ್ಟುಡಿಯೋಗೆ ಮತ್ತೆ ಕಾಲಿಡಲಿಲ್ಲ.

ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಮರುಕವೇ ಬರಲಿಲ್ಲ. ಮೊನ್ನೆ ತಂಬ್ರಹಳ್ಳಿಗೆ ಹೋದವನು ತಡೆಯಲಾರದೆ ಆ ಕುರಿಗಾಹಿಯ ಮನೆಯನ್ನು ಹುಡುಕಿದೆ. ಅವರ ಹೆಂಡತಿಯೂ ಈಗಿಲ್ಲ... ಗೋಡೆಯ ಮೇಲೆ ಮೇಷ್ಟ್ರ ಸಿಡಿಯ ಅದೇ ಮುದುಕ, ಕೊರಳಿಗೆ ಹೂವಿನ ಹಾರ, ಹಣೆಗೆ ಅರಿಶಿನದ ಭಂಡಾರ.

"ನಮ್ಮ ತಾತರೀ" ಎಂದಳು ಮೊಮ್ಮಗಳು. "ನಾನು ಥೇಟ್ ಇವ್ರಂಗs ಅದೀನಂತ, ಎಲ್ಲಾರೂ ಅಂತಾರ."

"ಹೌದವ್ವ" ಎಂದೆ.