ನವಿ ಪೇಠೆಯ ಚಷ್ಮಾ ಕಾಕಾ

ಕಾಕಾ ಕನ್ನಡಕ ತೆಗೆದರೆ ಮೂಗಿನ ಎರಡೂ ಬದಿಗೆ ಕಡಲೆಕಾಳು ಕೂರುವಷ್ಟು ಗುಳಿ ಕಾಣುತ್ತಿತ್ತು. ಮರಾಠಿ ಗಡಿಯ ಪಟ್ಟಣದ ನವಿ ಪೇಠೆಯಲ್ಲಿ ಅವರದು ಚಷ್ಮಾ ಅಂಗಡಿ. ಯಾರೇ ಮೆಟ್ಟಿಲು ಹತ್ತಿದರೂ ಮೊದಲು ಅವರ ಕನ್ನಡಕ ಇಸಿದುಕೊಂಡು ಒರೆಸಿ, ಕಡ್ಡಿ ನೆಟ್ಟಗೆ ಮಾಡಿ, ಆಮೇಲೆ "ಬರ್ರಿ" ಅನ್ನುವರು. ಅಕ್ಷರದ ಹಲಗೆಯ ಮುಂದೆ ಊಹಿಸಿ ಓದುವವರಿಗೆ, "ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ರಿ. ಇದೇನು ಪರೀಕ್ಷಾ ಅಲ್ಲ" ಎನ್ನುವರು.

ನನ್ನ ತಂಗಿಗೆ ಅದು ಪರೀಕ್ಷೆಯೇ ಆಗಿತ್ತು. ಪೊಲೀಸ್ ನೌಕರಿಯ ಭರ್ತಿಗೆಂದು ತಡವಳದ ಬಯಲಲ್ಲಿ ದಿನಾ ಓಡುತ್ತಿದ್ದಳು. ಕನ್ನಡಕ ನೋಡಿದರೆ ಹೊರಗೆ ಹಾಕುತ್ತಾರೆಂಬ ಭಯ. ಲೇಸರ್ ಮಾಡಿಸಲು ದಿನ ಗೊತ್ತಾಯಿತು. ಕಣ್ಣಿನ ಅಳತೆಗೆ ಎರಡು ವಾರ ಮೊದಲೇ, ಓಡುವಾಗ ಹಾಕುತ್ತಿದ್ದ ಕಾಂಟ್ಯಾಕ್ಟ್ ಲೆನ್ಸ್ ಬಿಡಬೇಕಿತ್ತು, ಅವಳು ಬಿಟ್ಟಿರಲಿಲ್ಲ. ದಿನ ಮುಂದೆ ಹೋಗಬಾರದೆಂದು, ಬಿಟ್ಟಿದ್ದಾಳೆಂದೇ ಆಸ್ಪತ್ರೆಯ ಫಾರಂ ತುಂಬಿದವಳು ಎಂ.ಎ. ಓದಿದ ನಾನು.

ಆಪರೇಷನ್ನಿನ ದಿನ ಬೆಳಿಗ್ಗೆ, ಆಮೇಲೆ ಹಾಕಿಕೊಳ್ಳಲು ಕಪ್ಪು ಕನ್ನಡಕ ಬೇಕೆಂದು ಕಾಕಾನ ಅಂಗಡಿಗೆ ಹೋದೆವು.

"ಯಾವ ನಮೂನಿ ಲೇಸರ್ ಮಾಡಿಸ್ತಿ ಬಾಳಾ?" ಕಾಕಾ ತಂಗಿಯನ್ನು ಕೇಳಿದರು.

"ಮ್ಯಾಲಿನ ಪದರ ಕೆರೆದು ಮಾಡಿದ್ರ ನಾಕು ದಿನ ಉರಿತದಂತ ಕಾಕಾ. ಸಣ್ಣ ಸೀಳಿಂದು ಭಾಳ ತುಟ್ಟಿ. ಮುಚ್ಚಳದಂಗ ಪದರ ಎತ್ತಿ ಮಾಡೋದ ಛಲೋ. ಲಗೂನ ಓಡಾಕ ಹೋಗ್ಬಹುದು."

"ಮೂರರಾಗೂ ಕಣ್ಣಿನ ಮುಂದಿನ ಪರದಾ ತೆಳ್ಳಗ ಆಗೂದ ನೋಡವ್ವಾ. ಅದು ಮೊದಲ ಎಷ್ಟು ದಪ್ಪ ಐತಿ, ಖರೆ ಅಳತಿ ಬೇಕು." ಅವಳ ಕೆಂಪು ಕಣ್ಣನ್ನೇ ನೋಡಿದರು. "ಲೆನ್ಸ್ ಯಾವಾಗ ಬಿಟ್ಟಿ?"

ತಂಗಿ ನನ್ನ ಮುಖ ನೋಡಿದಳು. ನನಗೆ ಸಿಟ್ಟು ಬಂತು.

"ಎಲ್ಲಾರೂ ಲೇಸರ್ ಮಾಡಿಸಿದ್ರ ನಿಮ್ಮ ಧಂದಾ ಬೀಳ್ತದಂತ ಹೆದರಸಾಕತ್ತೀರೇನ್ರಿ?"

"ಬೀಳ್ಲಿ ಬಿಡವ್ವಾ," ಎಂದು ಕಾಕಾ ಅಂಗಡಿ ಮುಚ್ಚಿದರು. "ನಡೀರಿ, ನಾನೂ ಬರ್ತೀನಿ. ಡಾಕ್ಟರ್ ಮುಂದ ಲೆನ್ಸಿನ ಖರೆ ನೀನ ಹೇಳು."

ಹೇಳಿದೆ. ಡಾಕ್ಟರು ಆಪರೇಷನ್ ನಿಲ್ಲಿಸಿದರು. ಲೆನ್ಸ್ ಬಿಡಿಸಿ ಮೂರು ವಾರದ ಮೇಲೆ ಮತ್ತೆ ಅಳೆದಾಗ ಗೊತ್ತಾಯಿತು: ಅವಳ ಕಣ್ಣಿನ ಮುಂದಿನ ಪರದೆ, ಕಾರ್ನಿಯಾ, ಮೊದಲೇ ತೆಳು, ಕೆಳಗಡೆ ಉಬ್ಬುತ್ತಿತ್ತು. ಲೇಸರ್ ಹೊಡೆದಿದ್ದರೆ ಯಾವ ಕನ್ನಡಕಕ್ಕೂ ಸರಿಹೋಗದ ಮಂಜು ಕವಿಯುವ ಅಪಾಯವಿತ್ತಂತೆ. ಮೂರರಲ್ಲಿ ಯಾವುದೂ ಅವಳಿಗಲ್ಲ ಎಂದರು. ಅವತ್ತು ಕಪ್ಪು ಕನ್ನಡಕ ಬೇರೆ ಅಂಗಡಿಯಲ್ಲಿ ಕೊಂಡಿದ್ದರೆ? ಆ ಫಾರಂ ಮೇಲೆ ನನ್ನ ಪೆನ್ನು ಓಡಿದ್ದು ಈಗಲೂ ಕಣ್ಣ ಮುಂದೆ ಬರುತ್ತದೆ.

ತಂಗಿ ಎಂಟು ದಿನ ಅತ್ತಳು. ಕಾಕಾ ಹೊಸ ಕನ್ನಡಕ ಮಾಡಿ, ಬೆವರಿಗೆ ಜಾರದಂತೆ ಹಿಂದೆ ದಾರ ಕಟ್ಟಿ ಕೊಟ್ಟರು. "ಭರ್ತಿ ಹೋದ್ರ ಹೋತು. ಓಡೂದು ಬಿಡಬ್ಯಾಡ." ಈಗ ಅವಳು ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಾಳೆ.

ಧಂದೆಯ ಮಾತಿಗೆ ಕಾಕಾನ ಕ್ಷಮೆ ಕೇಳಬೇಕೆಂದುಕೊಂಡು ದಿನ ದೂಡಿದೆ. ಕೊನೆಗೆ ಮೊನ್ನೆ ಇಬ್ಬರೂ ಹೋದೆವು. ರಸ್ತೆ ದಾಟುವ ಮೊದಲೇ ತಂಗಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಆಚೆ ಬದಿಯಲ್ಲಿ ಅಂಗಡಿಯ ಮುಚ್ಚಿದ ಬಾಗಿಲಿಗೆ ಅಂಟಿಸಿದ್ದು ನನಗೆ ಬರೀ ಬಿಳಿ ಹಾಳೆಯಾಗಿ ಕಂಡಿತ್ತು. ಕಾಕಾ ಮಾಡಿಕೊಟ್ಟ ಕನ್ನಡಕದಲ್ಲಿ ಅವಳು ನಿಂತಲ್ಲಿಂದಲೇ ಆ ಮರಾಠಿ ಚೀಟಿಯನ್ನು ಒಂದಕ್ಷರ ಬಿಡದೆ ಓದಿದಳು: ಕಾಕಾನ ಹೆಸರು, ತೀರಿಕೊಂಡ ದಿನ, ಕೊನೆಗೆ ಮಕ್ಕಳ ಹೆಸರು.