ಗುಡ್ಡಣ್ಣನ ಹದಿನಾರು ಸುರುಳಿ

ನಮ್ಮ ಮನೆಯ ಗೇಟಿಗೆ ಸುರುಳಿ ಬೇಕೆಂದವಳು ನನ್ನ ಹೆಂಡತಿ ಶ್ರೀಲತಾ. ದನ ಒಳಗೆ ಬಾರದಂತೆ ನಾಲ್ಕು ಅಡ್ಡಪಟ್ಟಿ ಇದ್ದರೆ ನನಗೆ ಸಾಕಿತ್ತು. ಆದರೆ 2003ರ ಹೊತ್ತಿಗೆ ತ್ರಾಸಿಯಿಂದ ಕುಂದಾಪುರದವರೆಗೆ ಹೊಸಮನೆ ಕಟ್ಟಿದವರೆಲ್ಲ ಗೇಟಿಗೆ ಕಬ್ಬಿಣದ ಸುರುಳಿ ಹಾಕಿಸುತ್ತಿದ್ದರು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನ ಗೇಟು ಬರೀ ಗೀಟುಗಳಿಂದ ಕೂಡಿದ್ದರೆ ನೋಡುವವರಿಗೆ ಮಗ್ಗಿ ಪುಸ್ತಕದಂತೆ ಕಾಣುತ್ತದಂತೆ. ಸರಿ, ಹೆದ್ದಾರಿ ಬದಿಯ ರವಿಚಂದ್ರನ ಗ್ರಿಲ್ ಅಂಗಡಿಗೆ ಹೋದೆ. ಗುಡ್ಡಣ್ಣನನ್ನು ನಾನು ಮೊದಲು ಕಂಡದ್ದು ಅಲ್ಲಿ.

ಗುಡ್ಡಣ್ಣ ಮರವಂತೆಯವನು. ವಯಸ್ಸು ನಲವತ್ತೆಂಟು, ಅದರಲ್ಲಿ ಮೂವತ್ತು ವರ್ಷ ಬಲೆ ಎಳೆದವನು. ಹಿಂದಿನ ಮಳೆಗಾಲದಲ್ಲಿ ಎಡಗಿವಿ ಕೆಟ್ಟು, ದೋಣಿ ಚೂರು ವಾಲಿದರೂ ತಲೆ ತಿರುಗತೊಡಗಿತು. ಕಡಲಿಗೆ ಹೋಗುವುದು ಇನ್ನು ಸಾಕು ಎಂದರು ಡಾಕ್ಟರು. ನೆಲದ ಮೇಲೆ ಮಾತ್ರ ಆಸಾಮಿ ಕಂಬದಂತೆ ನಿಲ್ಲುತ್ತಿದ್ದ. ಹೆಂಡತಿ ಸೀತು, "ಮೀನ್ ಮಾರುಕೆ ನನ್ನೊಟ್ಟಿಗೆ ಬನಿ" ಎಂದು ಕರೆದಳಂತೆ. "ನೀನ್ ಗಿರಾಕಿ ಹತ್ರ ಜಗಳ ಮಾಡುವತಿಗೆ ನಾನ್ ಬುಟ್ಟಿ ಹಿಡ್ಕಂಡ್ ನಿಲ್ಲುದಾ? ಆತಿಲ್ಲೆ" ಎಂದು ಹೇಳಿ ಸೀದಾ ಈ ಅಂಗಡಿಗೆ ಬಂದಿದ್ದ.

ರವಿಚಂದ್ರ ಮುಂಬೈಯಲ್ಲಿ ವೆಲ್ಡಿಂಗ್ ಕಲಿತು ಬಂದ ಮೂವತ್ತರ ಹುಡುಗ. ನನ್ನೆದುರೇ ಕರಾರು ಹಾಕಿದ. "ಕಾಣಿ ಗುಡ್ಡಣ್ಣ, ಮಾಷ್ಟ್ರ ಗೇಟಿಗೆ ಹದ್ನಾರ್ ಸುರುಳಿ ಬೇಕ್. ಶನಿವಾರದೊಳ್ಗೆ ಒಂದರಂಗೆ ಇನ್ನೊಂದ್ ಬಗ್ಸಿ ಕೊಟ್ರೆ ಇಲ್ಲಿನ ಕೆಲ್ಸ ನಿಮ್ದೇ. ಇಲ್ದಿರೆ ಮಂಗ್ಳೂರಿಂದ ರೆಡಿಮೇಡ್ ಸುರುಳಿ ತರ್ಸ್ತೆ. ಮತ್ತೆ ಬೇಜಾರ್ ಮಾಡುಕಾಗ."

"ಕಾಂಬ" ಎಂದ ಗುಡ್ಡಣ್ಣ.

ಸಲಕರಣೆ ಹೆಚ್ಚೇನಿಲ್ಲ. ದಪ್ಪ ಕಬ್ಬಿಣದ ಹಲಗೆಯ ಮೇಲೆ ಎರಡು ಗೂಟ, ಕೈಯಲ್ಲಿ ತುದಿಗೆ ಕವೆಯಿರುವ ಉದ್ದ ಹಿಡಿಕೆ. ಪಟ್ಟಿಯನ್ನು ಗೂಟಗಳ ನಡುವೆ ತೂರಿಸಿ, ಕವೆಯಲ್ಲಿ ಕಚ್ಚಿಸಿ ಎಳೆದರೆ ಬಗ್ಗುತ್ತದೆ. ಆಗಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸುರುಳಿಯ ಮೇಲಿಟ್ಟು ನೋಡಬೇಕು. ಗುಡ್ಡಣ್ಣ ಮೊದಲ ಪಟ್ಟಿಯನ್ನು ಅಭ್ಯಾಸಬಲದಿಂದ ಒಂದೇ ಉಸಿರಿಗೆ ಜಗ್ಗಿದ. ಅದು ಸುರುಳಿಯಾಗದೆ ಮೊಣಕೈಯಾಯಿತು.

"ಹ್ವಾಯ್, ಅದ್ ಬಲೆ ಅಲ್ಲ! ಒಳ್ಗೆ ಮೀನಿಲ್ಲೆ!" ಎಂದು ರವಿಚಂದ್ರ ಕೂಗಿದ.

ನನಗೂ ಒಂದು ಕೈ ನೋಡುವ ಆಸೆಯಾಯಿತು. ಮುಂಡು ಬಿಗಿದು ಎಳೆದೆ. "ಮಾಷ್ಟ್ರೆ, ಪಟ್ಟಿಗ್ ಎಂತದೂ ಆಯ್ಲಿಲ್ಲೆ. ನಿಮ್ಮ ಬೆನ್ನ್ ಮಾತ್ರ ಲಾಯ್ಕ್ ಬಗ್ಗಿತ್" ಎಂದ ಗುಡ್ಡಣ್ಣ. ಆಮೇಲೆ ನಾನು ಗಿರಾಕಿಯಾಗಿಯೇ ಉಳಿದೆ; ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ.

ಮಂಗಳವಾರದ ಹೊತ್ತಿಗೆ ಅವನಿಗೆ ಹದ ಸಿಕ್ಕಿತು. ಒಂದು ಸಲಕ್ಕೆ ಹೆಬ್ಬೆರಳಿನ ಅಗಲದಷ್ಟೇ ಬಗ್ಗಿಸಬೇಕು. ಬಿಟ್ಟ ಕೂಡಲೇ ಕಬ್ಬಿಣ ಚೂರು ಹಿಂದೆ ಸರಿಯುತ್ತದೆ, ಆದ್ದರಿಂದ ಕೂದಲೆಳೆಯಷ್ಟು ಹೆಚ್ಚೇ ಎಳೆಯಬೇಕು. ಉಳಿದದ್ದು ಒಂದೇ ಪ್ರಶ್ನೆ: ಒಂದು ಸುರುಳಿಗೆ ಎಷ್ಟುದ್ದದ ಪಟ್ಟಿ? ಅದನ್ನು ಗಣಿತದ ಮಾಷ್ಟ್ರನ್ನೇ ಕೇಳಿದ. ನಾಳೆ ಹೇಳುತ್ತೇನೆಂದು ಮನೆಗೆ ಬಂದು ನಾಲ್ಕು ಪುಟ ಲೆಕ್ಕ ಮಾಡಿದೆ. ಬಂದ ಉತ್ತರದಲ್ಲಿ ನಮ್ಮ ಹಿತ್ತಲಿಗೆ ಬೇಲಿ ಹಾಕಬಹುದಿತ್ತು. ನಾನು ಬುಧವಾರ ಬೇಕೆಂದೇ ತಡವಾಗಿ ಹೋದೆ.

ಅಷ್ಟರಲ್ಲಿ ಗುಡ್ಡಣ್ಣ ತನ್ನದೇ ಉಪಾಯ ಹೂಡಿದ್ದ. ಸೀಮೆಸುಣ್ಣದ ಸುರುಳಿಯ ಮೇಲೆ ಬಲೆಯ ನೂಲನ್ನು ಹಾಸಿ, ಆ ನೂಲನ್ನೇ ಪಟ್ಟಿಯ ಮೇಲೆ ಎಳೆದು ಹಿಡಿದು, ಹದಿನಾರು ತುಂಡು ಕತ್ತರಿಸಿ ಮುಗಿಸಿದ್ದ. ನಾಲ್ಕನ್ನು ಬಗ್ಗಿಸಿಯೂ ಆಗಿತ್ತು. ನಾಲ್ಕು ಪುಟ ವ್ಯರ್ಥವಾಯಿತಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ನಾನು ಒಂದನ್ನೆತ್ತಿ ಗೇಟಿನ ಚೌಕಟ್ಟಿಗೆ ಹಿಡಿದೆ. ಕೂರಲಿಲ್ಲ. ಎರಡು ಬೆರಳು ಹೆಚ್ಚು. ಇನ್ನೊಂದು ಮೂರು ಬೆರಳು.

ರವಿಚಂದ್ರ ನೂಲನ್ನು ಕೈಗೆತ್ತಿಕೊಂಡು ಜಗ್ಗಿದ. "ಗುಡ್ಡಣ್ಣ, ಇದ್ ನೈಲಾನ್ ಮಾರಾಯ್ರೆ! ಎಳ್ದಷ್ಟ್ ಉದ್ದ ಆತ್ತ್. ಎಳುದ್ ಎಂತಕ್ಕೆ?"

"ಎಳೀದೆ ಯಾರಾರೂ ನೂಲ್ ಅಳಿತ್ರಾ?" ಗುಡ್ಡಣ್ಣನಿಗೆ ನಿಜವಾಗಿಯೂ ಆಶ್ಚರ್ಯ. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ನೂಲು ಒಮ್ಮೆಯೂ ಸಡಿಲವಾಗಿ ನಿಂತದ್ದಿಲ್ಲ.

"ಸಾಕ್ ಬಿಡಿ. ನಾಳೆ ಮಂಗ್ಳೂರಿಗೆ ಫೋನ್ ಮಾಡ್ತೆ."

"ಶನಿವಾರ ಅಂದದ್ ನೀನಲ್ದಾ? ಇವತ್ತ್ ಬುಧವಾರ."

ನಾನು ನಡುವೆ ಬಾಯಿ ಹಾಕಿದೆ. ತುದಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದರೆ ಹೆಚ್ಚಿನ ಉದ್ದ ಒಳಗೇ ಅಡಗುತ್ತದಲ್ಲ ಎಂದೆ. ಗುಡ್ಡಣ್ಣ ನನ್ನನ್ನು ಮರುಕದಿಂದ ನೋಡಿದ. "ಒಂದರ ಕಣ್ಣ್ ಸಣ್ಣ, ಒಂದರ ಕಣ್ಣ್ ದೊಡ್ಡ. ಮಾಷ್ಟ್ರೆ, ಅಂಥ ಬಲೆ ಕಂಡ್ರೆ ಮೀನೂ ನೆಗಾಡತ್ತ್."

ಕಾಂಕ್ರೀಟಿನ ಸರಳು ಕಟ್ಟುವ ತೆಳು ತಂತಿಯನ್ನು ಕೇಳಿ ಪಡೆದು, ಮತ್ತೆ ಮೊದಲಿಂದ ಅಳೆದ. ಬಾಕಿ ಹನ್ನೆರಡನ್ನು ಕತ್ತರಿಸಿ ಸರಿ ಮಾಡಿದ. ಬಗ್ಗಿಸಿದ ನಾಲ್ಕರದ್ದು ದೊಡ್ಡ ಕೆಲಸ: ಒಂದು ತುದಿ ಬಿಚ್ಚಿ, ಸುತ್ತಿಗೆಯಿಂದ ನೇರಮಾಡಿ, ತುಂಡರಿಸಿ, ಪುನಃ ಬಗ್ಗಿಸಬೇಕು. ಹಗ್ಗದಿಂದ ಜಡ್ಡುಗಟ್ಟಿದ ಅಂಗೈಯಲ್ಲಿ ಹಗ್ಗ ಮುಟ್ಟದ ಜಾಗ ಹುಡುಕಿ ಬೊಕ್ಕೆಗಳು ಎದ್ದವು. ಬಟ್ಟೆ ಸುತ್ತಿಕೊಂಡು ಎಳೆದ.

ಶನಿವಾರ ಮಧ್ಯಾಹ್ನ ರವಿಚಂದ್ರ ಹದಿನಾರನ್ನೂ ಒಂದರ ಮೇಲೊಂದು ಪೇರಿಸಿ, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಹದಿನೈದು ಒಂದೇ ಗೋಡೆಯಂತೆ ನಿಂತಿದ್ದವು. ನಡುವಿನದ್ದೊಂದು ಉಗುರಿನಷ್ಟು ಹೊರಗೆ.

"ಅಡ್ಡಿಲ್ಲೆ, ಅದನ್ನ್ ಮಾಷ್ಟ್ರ ಮನೆ ದಾಸಾಳ ಗಿಡದ ಬದಿಗ್ ಹಾಕುವ. ಯಾರ್ ಕಾಂತ್ರ್?" ಎಂದ ರವಿಚಂದ್ರ.

ನಾನೂ ಹೂಂಗುಟ್ಟಿದೆ, ನನಗೆ ಹಸಿವಾಗಿತ್ತು.

"ಒಂದರಂಗೆ ಇನ್ನೊಂದ್ ಅಂದಿದ್ದಿ ನೀನ್" ಎಂದವನೇ ಗುಡ್ಡಣ್ಣ ಅದನ್ನು ಹೊರಗೆಳೆದು ಗೂಟದ ಬಳಿ ನಡೆದ. ಅರ್ಧ ತಾಸು ನಾವಿಬ್ಬರೂ ಊಟಕ್ಕೆ ಹೋಗದೆ ಕಾದೆವು. ಅವನು ತಂದಿಟ್ಟ ಮೇಲೆ ರವಿಚಂದ್ರ ಪೇರಿಕೆಯ ಬದಿಗೆ ಅಂಗೈಯನ್ನು ಮೇಲಿಂದ ಕೆಳಕ್ಕೆ ಜಾರಿಸಿದ. ಕೈ ಎಲ್ಲಿಯೂ ತಡೆಯಲಿಲ್ಲ. ಹೊಗಳುವುದು ಅವನ ಜಾಯಮಾನವಲ್ಲ.

"ಬೈಂದೂರಲ್ ಒಂದ್ ಬಾಲ್ಕನಿ ಇತ್ತ್. ನಲ್ವತ್ತೆರಡ್ ಸುರುಳಿ. ಸೋಮವಾರ ಬೇಗ ಬನಿ."

ಗುಡ್ಡಣ್ಣ ಕವೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. "ಸೋಮವಾರ ಎಂತಕ್ಕೆ ಮಾರಾಯ?" ಎಂದ. "ಈಗ ಮಧ್ಯಾಹ್ನ ಅಲ್ದಾ? ಪಟ್ಟಿ ಎಲ್ಲಿತ್ತ್ ಹೇಳ್."