ಯಾರ ಮನೆಯ ಬೆಂಡೆ

ಮೆಲ್ಕಾರಿನ ಪ್ರೇಮಾವತಿಯಕ್ಕನ ಹತ್ತಿರ ಬೀಜ ಕೊಂಡುಹೋದರೆ ಅವರು ಮೊದಲು ಕೇಳುವುದು ಒಂದೇ ಮಾತು: "ಯಾರ ಮನೆಯದ್ದು?" ಗೊತ್ತಿಲ್ಲ ಅಂದರೆ ಪೊಟ್ಟಣ ವಾಪಸ್. ನಾನೂ ಒಮ್ಮೆ ಹಾಗೆ ಉಗಿಸಿಕೊಂಡು ಬಂದವಳೇ. ಹೀರೆ ಬೀಜಕ್ಕೂ ಜಾತಕ ಬೇಕಾ ಅಂತ ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಂಗನವಾಡಿಯಿಂದ ನಿವೃತ್ತರಾದ ಮೇಲೆ ನಮ್ಮ ಬೀಜ ವಿನಿಮಯದ ಪುಸ್ತಕ ಅವರ ಕೈಯಲ್ಲೇ. ವರ್ಷಕ್ಕೊಮ್ಮೆ, ಜಾತ್ರೆ-ಕೋಲಗಳಿಗೆ ತೆರೆ ಬೀಳುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು, ಬಿ.ಸಿ.ರೋಡಿನಲ್ಲಿ ಸೇರುತ್ತೇವೆ. ಬೀಜ ಒಯ್ದವರು ಮರುವರ್ಷ ಒಂದು ಹಿಡಿ ತಂದುಕೊಡಬೇಕು. ಹಾಗೆ ತಂದವರ ಮನೆಯ ಹೆಸರನ್ನು ಅಕ್ಕ ಪೊಟ್ಟಣದ ಮೇಲೂ ಪುಸ್ತಕದಲ್ಲೂ ಬರೆಯುತ್ತಾರೆ. ಬೆವರು ಸುರಿಸಿದವರ ಹೆಸರು ಬೇಡವಾ ಅಂತ ಅವರ ನ್ಯಾಯ. ಮೊದಲು ಕೊಟ್ಟವರ ಹೆಸರು ಅಲ್ಲಿಗೇ ಬಿಟ್ಟುಹೋಗುತ್ತದೆ ಅಂತ ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಕಳೆದ ವರ್ಷ ಕನ್ಯಾನದ ಸಾಲಿಹಾ ಬಂದಳು. ಏಳು ವರ್ಷದ ಹಿಂದೆ ತನ್ನ ಹೆತ್ತ ಉಮ್ಮನ ಬಿಳಿ ಹಾಲುಬೆಂಡೆಯ ಬೀಜ ಕೊಟ್ಟವಳು ಅವಳೇ. ಈಗ ಮನೆಯಲ್ಲಿದ್ದ ಬೀಜ ಹುಳ ಹಿಡಿದು ಹಾಳಾಗಿದೆ. ತೊಂಬತ್ತರ ಉಮ್ಮ ಮಲಗಿದಲ್ಲೇ. ಬೇರೇನೂ ಬೇಡ, ಆ ಬೆಂಡೆಯ ಸಾರು ಬೇಕಂತೆ. ಅಕ್ಕ ಪುಸ್ತಕ ಮಗುಚಿದರು. ಕನ್ಯಾನದ ಹೆಸರು ಮೊದಲ ವರ್ಷ ಮಾತ್ರ. ಆಮೇಲೆ ಹುಕ್ರಪ್ಪನ ಬೆಂಡೆ, ಡೊಂಬಯ್ಯನ ಬೆಂಡೆ, ಸರಸನ ಬೆಂಡೆ, ಹೀಗೆ ಒಂಬತ್ತು ಮನೆ.

"ಒಂಬತ್ತನ್ನೂ ಹಾಕಿ ನೋಡುವ," ಅಂದರು, ಮುಖ ಎತ್ತದೆ.

ಒಂಬತ್ತೂ ಹುಟ್ಟಿದವು, ಒಂಬತ್ತರ ಕಾಯಿಯೂ ಬೆಳ್ಳಗೆ. ಸಾಲಿಹಾ ದಿನಕ್ಕೊಂದು ಮನೆಯ ಬೆಂಡೆ ಬೇಯಿಸಿ ತಿನ್ನಿಸಿದಳು. ಉಮ್ಮ ಒಂದು ತುತ್ತು ಚಪ್ಪರಿಸಿ, ಇದಲ್ಲ ಅಂತ ಬಟ್ಟಲು ದೂಡುತ್ತಿದ್ದರು. ಹಳೆಯ ರುಚಿ ಹೇಗೆ ಇರುತ್ತದೆ ಮತ್ತೆ? ಎಲ್ಲರ ಹಿತ್ತಿಲಲ್ಲೂ ಪೇಟೆಯ ಬೆಂಡೆ ಉಂಟು, ಹೂವಿಂದ ಹೂವಿಗೆ ಹುಡಿ ಹೊರುವ ಜೇನುನೊಣಕ್ಕೆ ಬೇಲಿ ಹಾಕಿದವರು ಯಾರು?

ಒಂಬತ್ತನೆಯ ದಿನ ಅಕ್ಕ ತಾವೇ ಹೊರಟರು, ಜೊತೆಗೆ ನಾನೂ. ಉಮ್ಮ ಬಾಯಿಗಿಟ್ಟರು, ನುಂಗಿದರು. ಬಟ್ಟಲು ದೂಡಲಿಲ್ಲ. ನನಗಂತೂ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇದು ಯಾರ ಮನೆಯದ್ದು, ಮಗಳೇ?"

ಪುಸ್ತಕ ಅಕ್ಕನ ತೊಡೆಯ ಮೇಲೇ ಇತ್ತು. ಊರಿಗೆಲ್ಲ ಅದೇ ಪ್ರಶ್ನೆ ಕೇಳಿ ಬೈದ ಅಕ್ಕ ಪುಟ ಹಿಂದೆ ಹಿಂದೆ ಮಗುಚುತ್ತ, ಮೊದಲ ವರ್ಷದ ಕನ್ಯಾನದ ಹೆಸರಿನ ಮೇಲೆ ಬೆರಳಿಟ್ಟರು.